ಸಿಟ್ಟಿಗೊಂದು ಸೆಟ್

ಈ ಫಾಂಟು ‘ಸಿಟ್ಟು’ ಸೆಟ್‌ಗೋ, ‘ನೋವು’ ಸೆಟ್‌ಗೋ ಎಂದು ಅವನು ಯೋಚಿಸುತ್ತಿದ್ದಾಗ ಗಾಜಿನ ಕೋಣೆಯೊಳಗೆ ಏನೋ ಬಿತ್ತು.

ತಲೆ ಎತ್ತಲಿಲ್ಲ. ಪರದೆಯ ಮೇಲೆ ಹೆಂಗಸೊಬ್ಬಳ ಮುಖವಿತ್ತು; ಹೆಂಗಸರನ್ನು ಹೊಡೆಯಬಾರದೆಂಬ ಆ ಪೋಸ್ಟರು ಸಂಜೆಯೊಳಗೆ ಮುಗಿಯಬೇಕಿತ್ತು. ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಶೈಲಿಯ ನೂರಾರು ಫಾಂಟುಗಳು ಕಲಸುಮೇಲೋಗರವಾಗಿ ಬಿದ್ದಿದ್ದವು. ಬಗೆಬಗೆಯವನ್ನು ಬೇರೆ ಬೇರೆ ಸೆಟ್ ಮಾಡಿ ಹೆಸರಿಡು ಎಂದು ಭಾವ ಹೇಳಿದ್ದ. ಆಫೀಸು ಭಾವನದು. ಗಾಜಿನ ಕೋಣೆಯೂ ಅವನದು. ಅದರೊಳಗೆ ನಿಂತಿದ್ದ ಅಕ್ಕನೂ, ಒಂದು ಲೆಕ್ಕದಲ್ಲಿ.

ಒಳಗೆ ಹೋಗುವ ಮುಂಚೆ ಅಕ್ಕ ಇವನ ಮೇಜಿನ ಬಳಿ ನಿಂತಿದ್ದಳು. ತುಟಿ ಊದಿತ್ತು. ಕೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು. ಬಾಗಿಲು ತಗುಲಿತು ಎಂದಿದ್ದಳು. ಬಾಗಿಲಿಗೆ ಬೆರಳಿರುವುದಿಲ್ಲವೆಂದು ತಿಳಿಯಲು ಅವನ ಎರಡು ಪದವಿಗಳೂ ಬೇಕಿರಲಿಲ್ಲ.

“ಇವತ್ತು ನಿನ್ನ ರೂಮಿಗೆ ಬಂದುಬಿಡ್ಲೇನೋ?”

“ಈ ಸೆಟ್ ಒಂದು ಮುಗೀಲಿ ಅಕ್ಕ. ಆಮೇಲೆ ನೋಡೋಣ.”

“ಮುಗಿಸು” ಎಂದು ಅವಳು ನಗಲು ನೋಡಿದ್ದಳು. ತುಟಿ ಬಿಡಲಿಲ್ಲ.

ಈಗ ಮತ್ತೆ ಸದ್ದು. ತಲೆ ಎತ್ತಿದ. ಅಕ್ಕನ ಕೂದಲು ಭಾವನ ಮುಷ್ಟಿಯಲ್ಲಿತ್ತು. ಅವಳ ಹಣೆ ಗಾಜಿಗೆ ಬಡಿಯಿತು, ಇನ್ನೊಮ್ಮೆ ಬಡಿಯಿತು. ಗಾಜು ಒಳ್ಳೆಯದು, ಬಿರುಕು ಬಿಡಲಿಲ್ಲ. ಪಕ್ಕದ ಮೇಜಿನ ಪ್ರೂಫ್ ನೋಡುವಾಕೆ ಹೆಡ್‌ಫೋನು ಸರಿಮಾಡಿಕೊಂಡಳು.

ಅವನು ಫಾಂಟನ್ನು ‘ನೋವು’ ಸೆಟ್‌ಗೆ ಎಳೆದು ಬಿಟ್ಟ.

ಯಾವಾಗ ಎದ್ದು ಗಾಜಿನ ಕೋಣೆಯೊಳಗೆ ಹೋದನೋ ಅವನಿಗೇ ತಿಳಿಯದು. ಕೈಯಲ್ಲಿ ಕಾಗದ ಕತ್ತರಿಸುವ ಉಕ್ಕಿನ ಸ್ಕೇಲಿತ್ತು. ಮೊದಲ ಏಟಿಗೆ ಭಾವನ ಕಿವಿ ಸೀಳಿತು. ಎರಡನೆಯದು ಹುಬ್ಬಿಗೆ ಬಿತ್ತು. ಭಾವ ನೆಲಕ್ಕುರುಳಿ ಕೈಗಳಿಂದ ಮುಖ ಮುಚ್ಚಿಕೊಂಡ. ಅವನು ಕೈಗಳ ಮೇಲೇ ಹೊಡೆದ. ಹೊಡೆದಷ್ಟೂ ಹಾಯೆನಿಸುತ್ತಿತ್ತು. ಒಂದೊಂದು ಏಟಿನಲ್ಲೂ ತಾನು ಇಷ್ಟು ವರ್ಷ ಹೇಳಿದ ಒಂದೊಂದು ‘ಹೂಂ ಭಾವ’ ಇದೆ, ಅಕ್ಕ ಎಲ್ಲೂ ಇಲ್ಲ ಎಂಬುದು ಹೊಡೆಯುತ್ತಲೇ ಅವನಿಗೆ ಹೊಳೆಯಿತು. ಆದರೂ ನಿಲ್ಲಿಸಲಿಲ್ಲ.

ನಿಲ್ಲಿಸಿದ್ದು ಅಕ್ಕ. ಅವನ ಮಣಿಕಟ್ಟಿಗೆ ಬಾಯಿ ಹಾಕಿ, ಮೂಳೆ ಸಿಗುವವರೆಗೆ ಕಚ್ಚಿದಳು. ಸ್ಕೇಲು ಬಿತ್ತು.

“ಸಾಯಿಸ್ಬಿಟ್ಯೇನೋ. ಇವರಿಲ್ದೆ ನಾನೆಲ್ಲಿಗೆ ಹೋಗ್ಲಿ?”

ಅವನ ಬಳಿ ಉತ್ತರವಿತ್ತು. ಸ್ವಲ್ಪ ಹೊತ್ತಿನ ಹಿಂದೆ ರೂಮಿಗೆ ಬರಲೇ ಎಂದು ಅವಳು ಕೇಳಿದಾಗಲೂ ಇತ್ತು.

ಅಕ್ಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ರಕ್ತ ಒರೆಸತೊಡಗಿದಳು. ಭಾವ ನರಳಿದ. ಪ್ರೂಫ್ ನೋಡುವಾಕೆ ಯಾರಿಗೋ ಫೋನು ಮಾಡುತ್ತಿದ್ದಳು.

ಅವನು ಹಿಂದಿರುಗಿ ಕುರ್ಚಿಯಲ್ಲಿ ಕುಸಿದ. ಕಚ್ಚಿದ ಕೈ ಕೀಬೋರ್ಡಿನ ಮೇಲೆ ಬಿತ್ತು, ಯಾವುದೋ ಕೀ ಅದರಡಿ ಸಿಕ್ಕಿಕೊಂಡಿತು. ಪರದೆಯ ಮೇಲೆ ‘ಅ’ ಮೂಡಿತು. ಅದರ ಪಕ್ಕ ಇನ್ನೊಂದು. ಪೋಸ್ಟರಿನ ಹೆಂಗಸಿನ ಹಣೆ, ಕಣ್ಣು, ಕೆನ್ನೆಯ ಮೇಲೆ ಸಾಲುಸಾಲಾಗಿ ಕಪ್ಪು ‘ಅ’ಗಳು ಇಳಿಯುತ್ತ ಅವಳ ಬಾಯಿಯವರೆಗೆ ಬಂದವು.

ಅವನು ಕೈ ತೆಗೆಯಲಿಲ್ಲ.