ಅಣ್ಣಪ್ಪ ಮಾತ್ರೆ ನುಂಗಲು ಕಲಿತದ್ದು

ಶಿರಾಲಿಯ ಅಣ್ಣಪ್ಪನಿಗೆ ಎತ್ತರದ ಭಯ ಅಂದರೆ ಏನೆಂದು ಗೊತ್ತಿಲ್ಲ. ದಿನಕ್ಕೆ ಮೂವತ್ತು ನಲವತ್ತು ತೆಂಗಿನ ಮರ ಹತ್ತಿ ಇಳಿಯುವ ಆಳು. ಗಾಳಿಗೆ ಮರ ತೂಗುತ್ತಿದ್ದರೂ ಮೇಲೆ ಕೂತು ಕೆಳಗಿನವರ ಜೊತೆ ಹರಟೆ ಹೊಡೆಯುತ್ತಿದ್ದ. ಇಂಥ ಗಟ್ಟಿಗ ಒಂದು ಮಾತ್ರೆ ಕಂಡರೆ ಬೆವರುತ್ತಿದ್ದ. ವಯಸ್ಸು ಮೂವತ್ತೆಂಟಾದರೂ ಒಂದೇ ಒಂದು ಮಾತ್ರೆಯನ್ನು ಇಡಿಯಾಗಿ ನುಂಗಿದವನಲ್ಲ. ಜ್ವರ ಬಂದರೆ ಡಾಕ್ಟರ ಮುಂದೆ ತೋಳು ಚಾಚಿ, "ಒಂದು ಸೂಜಿ ಹಾಕ್ಬಿಡಿ" ಎನ್ನುವನು. ಕೊಟ್ಟ ಮಾತ್ರೆಗಳು ಬರುವ ದಾರಿಯಲ್ಲೇ ಬೇಲಿ ಪಾಲು.

2005ರ ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣಪ್ಪನಿಗೆ ಕೆಮ್ಮು ಹಿಡಿಯಿತು. ಮೂರು ವಾರ ಕಳೆದರೂ ಬಿಡಲಿಲ್ಲ. ಸಂಜೆಯಾದರೆ ಮೈ ಬಿಸಿ. ಅರ್ಧ ಮರ ಹತ್ತುವಷ್ಟರಲ್ಲಿ ಏದುಸಿರು. ಹೆಂಡತಿ ಕಮಲಿ ಜಗಳವಾಡಿ ಸರ್ಕಾರಿ ಆಸ್ಪತ್ರೆಗೆ ಎಳೆದೊಯ್ದಳು. ಕಫ ಪರೀಕ್ಷೆಯಾಯಿತು. ಕ್ಷಯ.

"ಹೆದರಬೇಡ, ಪೂರ್ತಿ ವಾಸಿಯಾಗುತ್ತದೆ. ಔಷಧಿಗೆ ದುಡ್ಡಿಲ್ಲ," ಎಂದರು ಡಾಕ್ಟರು. "ಆದರೆ ಆರು ತಿಂಗಳು ಒಂದು ಸಲವೂ ತಪ್ಪಿಸಬಾರದು. ಮನೆಯಲ್ಲಿ ಎರಡು ವರ್ಷದ ಮಗು ಇದೆ ಅಂತೀಯ. ನಿನ್ನ ಹೊಟ್ಟೆಗೆ ಔಷಧಿ ಹೋದರೆ ಮಗುವೂ ಕ್ಷೇಮ. ನೆನಪಿಟ್ಟುಕೋ."

ಮಗಳು ಅಂಕಿತಾ ಎಂದರೆ ಅಣ್ಣಪ್ಪನಿಗೆ ಪ್ರಾಣ. ಅಂದಿನಿಂದಲೇ ಅವನು ಹೊರಗೆ ಜಗಲಿಯ ಕಟ್ಟೆಯ ಮೇಲೆ ಮಲಗತೊಡಗಿದ. ಮಗು ಕೈಚಾಚಿ ಬಂದರೆ ಬಾಯಿಗೆ ಟವೆಲು ಒತ್ತಿಕೊಂಡು ದೂರ ಸರಿಯುತ್ತಿದ್ದ. ಅದು ಅಳುತ್ತಿತ್ತು. ಇವನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ.

ಔಷಧಿಯ ಪೆಟ್ಟಿಗೆ ಇದ್ದದ್ದು ಅಂಗನವಾಡಿಯ ಶಿಕ್ಷಕಿ ವಿನುತಾ ಅಕ್ಕೋರ ಹತ್ತಿರ. ಆಗಿನ ಕ್ರಮದಂತೆ ಸೋಮವಾರ, ಬುಧವಾರ, ಶುಕ್ರವಾರ ಅವರ ಕಣ್ಣೆದುರೇ ನುಂಗಬೇಕು. ಒಂದು ಸಲಕ್ಕೆ ಏಳು.

"ಏಳಾ!" ಅಣ್ಣಪ್ಪನ ಮುಖ ಬಿಳುಪೇರಿತು. "ಅಕ್ಕೋರೆ, ಇದ್ರ ಬದ್ಲು ಸೂಜಿ ಇಲ್ವಾ? ಏಳು ಸೂಜಿ ಹಾಕಿ ಬೇಕಾದ್ರೆ."

ಮೊದಲ ದಿನ ಒಂದು ಮಾತ್ರೆ ಬಾಯಿಗೆ ಹಾಕಿದ್ದೇ ಓಕರಿಕೆ ಬಂತು. ಅಂಗಳದಲ್ಲಿ ಕೂತು ಕಣ್ಣೀರು ಮೂಗುನೀರು ಒಂದು ಮಾಡಿಕೊಂಡ. ಬುಧವಾರ ಮಾತ್ರ ಜಾಣನಾಗಿ ಬಂದ. ಏಳನ್ನೂ ಒಂದೊಂದಾಗಿ ಬಾಯಿಗೆ ಹಾಕಿ, ನೀರು ಹೊಯ್ದುಕೊಂಡು, "ಆತು ಅಕ್ಕೋರೆ" ಎಂದು ಗೊಣಗಿ ಬಿರಬಿರನೆ ಹೊರಟ.

ವಿನುತಾಗೆ ಅನುಮಾನ ಬಂತು. ಹಿಂದೆಯೇ ಬಂದು ಬೇಲಿಯ ಹತ್ತಿರ ಹಿಡಿದರು. ಬಾಯಿ, ಹಲ್ಲು, ತುಟಿ ಎಲ್ಲ ಕೆಂಪು.

"ಎಂತ ಅದು ಬಾಯಲ್ಲಿ?"

"ಕವಳ, ಅಕ್ಕೋರೆ."

"ಇಷ್ಟು ಬೇಗ ಕವಳ ಎಲ್ಲಿಂದ ಬಂತು? ನಿನ್ನ ಎಲೆ ಅಡಿಕೆ ಸಂಚಿ ತೋರ್ಸು, ನಂಗೂ ಒಂದು ಹೋಳು ಕೊಡು."

ಸೊಂಟದಲ್ಲಿ ಸಂಚಿ ಎಲ್ಲಿತ್ತು? ದವಡೆಯಲ್ಲಿ ಬಚ್ಚಿಟ್ಟಿದ್ದ ಕೆಂಪು ಗುಳಿಗೆ, ಅಂದರೆ ಕ್ಯಾಪ್ಸೂಲ್, ಒಡೆದು ಬಣ್ಣ ಬಿಟ್ಟಿತ್ತು. ಉಳಿದವನ್ನು ಆಗಲೇ ಬೇಲಿಗೆ ಉಗುಳಿಯಾಗಿತ್ತು. ಅಣ್ಣಪ್ಪ ತಲೆ ತಗ್ಗಿಸಿದ. ಬೈಗುಳ ಬೀಳುತ್ತದೆ ಎಂದು ಕಾದ. ಬೀಳಲಿಲ್ಲ.

"ನಿಂಗೆ ರೋಗದ ಹೆದ್ರಿಕೆಯಾ, ಮಾತ್ರೆ ಹೆದ್ರಿಕೆಯಾ?" ಎಂದು ಕೇಳಿದರು ವಿನುತಾ.

"ಮಾತ್ರೇದೇ ಜಾಸ್ತಿ," ಎಂದ ಅಣ್ಣಪ್ಪ. "ನಾಚ್ಕೆ ಆತದೆ ಅಕ್ಕೋರೆ. ಸಣ್ಣವ್ನಿದ್ದಾಗ ಒಂದ್ಸಲ ಮಾತ್ರೆ ಗಂಟ್ಲಲ್ಲಿ ಸಿಕ್ಕಿ ಉಸಿರೇ ನಿಂತಂಗಾಗಿತ್ತು. ಅವತ್ತಿಂದ ಗಂಟ್ಲು ಬಾಗ್ಲು ಹಾಕ್ಕಂಡು ಬಿಡ್ತದೆ. ಮಗಳ ಮುಖ ನೆನೆಸ್ಕಂಡ್ರೂ ತೆಗೂದಿಲ್ಲ."

"ಅರ್ಧಂಬರ್ಧ ತಕಂಡ್ರೆ ರೋಗ ಸಾಯೂದಿಲ್ಲ ಅಣ್ಣಪ್ಪ. ಔಷಧಿಗೇ ಬಗ್ಗದಷ್ಟು ಜೋರಾಗ್ತದೆ. ಆಮೇಲೆ ಅದೇ ಜೋರಿನ ರೋಗ ಮಗೂಗೆ ದಾಟೂದು. ತಪ್ಪಿದ ಮಾತ್ರೆ ವಿಷಯ ನಾ ಡಾಕ್ಟರಿಗೆ ಹೇಳ್ತೆ, ಎಂತ ಮಾಡ್ಬೇಕು ಅವ್ರು ಹೇಳ್ತ್ರು. ನೀ ಕಲಿ. ಮಾತ್ರೆ ನುಂಗೂದು ಈಜು ಕಲ್ತಂಗೆ, ಕಲ್ತ್ರೆ ಬತ್ತದೆ. ಮೊದ್ಲು ನೀ ನೀರು ಕುಡಿಯೂದು ಹೆಂಗೆ, ತೋರ್ಸು ನೋಡ್ವ."

ನೀರು ಕುಡಿಯುವುದನ್ನು ಯಾರಾದರೂ ತೋರಿಸುತ್ತಾರೆಯೇ? ಅಣ್ಣಪ್ಪನಿಗೆ ನಗು ಬಂತು. ಚೊಂಬು ಎತ್ತಿ, ತಲೆ ಪೂರಾ ಹಿಂದಕ್ಕೆ ಚೆಲ್ಲಿ, ಒಂದು ಗೇಣು ಮೇಲಿನಿಂದ ಗಟಗಟನೆ ಹೊಯ್ದುಕೊಂಡ. ಒಂದು ಹನಿ ಹೊರಗೆ ಬೀಳಲಿಲ್ಲ. ತುಟಿಗೆ ಚೊಂಬು ತಾಗಲಿಲ್ಲ. ಅವನ ಮನೆಯಲ್ಲಿ ಎಲ್ಲರೂ ಹೀಗೇ. ಲೋಟ ಕಚ್ಚಿ ಕುಡಿದರೆ ಎಂಜಲು. ಕೆಲಸದಲ್ಲೂ ಅದೇ ರೂಢಿ. ಊರಿನವರು ಬೊಂಡ ಎನ್ನುವ ಎಳನೀರನ್ನು ಕತ್ತಿಯಿಂದ ಕೊಚ್ಚಿ, ಆಕಾಶ ನೋಡುತ್ತ ಗಂಟಲಿಗೆ ಸುರಿದುಕೊಳ್ಳುವುದು.

ವಿನುತಾ ಚಪ್ಪಾಳೆ ತಟ್ಟಿದರು. "ಸಿಕ್ತು ನೋಡು! ನೀ ಹೀಂಗೆ ಬೊಂಡ ಕುಡ್ದಂಗೆ ಕುಡೀತೆ. ಬಾಯಿ ಕಳ್ದು ತಲೆ ಎತ್ತಿದ್ರೆ ಗುಳಿಗೆ ಹಗುರ, ನೀರ ಮೇಲೆ ತೇಲಿ ಹಲ್ಲಿನ ಕಡೆಗೇ ಬತ್ತದೆ. ಗಂಟ್ಲಿಗೆ ಹೋಗೂದು ಹೆಂಗೆ? ಲೋಟ ತುಟಿಗೆ ಇಟ್ಟು, ಬಾಯಿ ಮುಚ್ಚಿ, ತಲೆ ನೆಟ್ಟಗೆ ಮಾಡಿ ನುಂಗ್ಬೇಕು."

"ಕಚ್ಚಿ ಕುಡಿಯೂದಾ? ನಮ್ಮನೇಲಿ ಅಬ್ಬೆ ಬಿಡೂದಿಲ್ಲ."

"ಅಬ್ಬೆ ಹತ್ರ ನಾ ಮಾತಾಡ್ತೆ," ಎಂದರು ವಿನುತಾ.

ಸಂಜೆ ವಿನುತಾ ಮನೆಗೆ ಬಂದಾಗ ಅಣ್ಣಪ್ಪನ ತಾಯಿ ನಾಗಮ್ಮ ಮಗನಿಂದ ಸುದ್ದಿ ಕೇಳಿ ಬಾಗಿಲಲ್ಲೇ ನಿಂತಿದ್ದರು. ಸೊಂಟದ ಮೇಲೆ ಎರಡೂ ಕೈ.

"ಎಂತ ಅಕ್ಕೋರೆ, ಬೇರೆ ಲೋಟ ಇಡಿ ಹೇಳೂಕೆ ಬಂದ್ರಾ? ಊರಿಗೆಲ್ಲ ಗೊತ್ತಾಗ್ಲಿ ಹೇಳಿ? ನಮ್ಮನೇಲಿ ಯಾರೂ ಲೋಟ ಕಚ್ಚಿದವ್ರಿಲ್ಲ."

"ಬೇರೆ ಲೋಟ ಬೇಡ ಅಮ್ಮ. ಇದು ಲೋಟದಿಂದ ಬರೂ ರೋಗ ಅಲ್ಲ, ಕೆಮ್ಮಿದ ಗಾಳಿಯಿಂದ ಬರೂದು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡೀಲಿ, ಕಿಟಕಿ ತೆಗೆದಿಡಿ, ಮಗೂನ ಒಂದ್ಸಲ ಡಾಕ್ಟರಿಗೆ ತೋರ್ಸಿ. ಅಣ್ಣಪ್ಪ ಕುಡ್ದ ಲೋಟ ತೊಳ್ದು ಎಲ್ಲ ಲೋಟದ ಒಟ್ಟಿಗೇ ಇಡಿ." ಹೀಗೆನ್ನುತ್ತ ವಿನುತಾ ಜಗಲಿಯಲ್ಲಿದ್ದ ಅದೇ ಮನೆಯ ಲೋಟ ತೆಗೆದು, ನೀರು ತುಂಬಿ, ತುಟಿಗಿಟ್ಟು ಕುಡಿದರು. "ನನ್ನ ಬಸುರಿನಲ್ಲಿ ಕಬ್ಬಿಣದ ಮಾತ್ರೆ ನುಂಗೂಕೆ ನಂಗೂ ಬತ್ತಿರ್ಲಿಲ್ಲ ಅಮ್ಮ. ಊರಿಗೆಲ್ಲ ಬುದ್ಧಿ ಹೇಳೂ ಅಕ್ಕೋರು, ನಾನೇ ಮಾತ್ರೆ ಹಿತ್ಲಿಗೆ ಎಸೀತಿದ್ದೆ. ಆಮೇಲೆ ಕಲ್ತೆ."

ಅಕ್ಕೋರು ಹೀಗೆ ತಮ್ಮ ಮಾನವನ್ನು ತಾವೇ ಕಳೆದುಕೊಂಡದ್ದು ಕಂಡು ನಾಗಮ್ಮನ ಕೈಗಳು ಸೊಂಟದಿಂದ ಇಳಿದವು. ಅಣ್ಣಪ್ಪನಿಗಂತೂ ಎದೆ ತುಂಬಿ ಬಂತು. ಓದಿದ ಹೆಂಗಸು, ಅವನ ನಾಚಿಕೆ ಕಡಿಮೆಯಾಗಲಿ ಎಂದು ತಮ್ಮ ನಾಚಿಕೆಯನ್ನು ಅಂಗಳದಲ್ಲಿ ಹರವಿದ್ದರು.

ಪಾಠ ಅಂದೇ ಶುರುವಾಯಿತು. ಮೊದಲು ಒಂದು ಗುಟುಕು ನೀರು, ಬಾಯಿ ಒದ್ದೆಯಾಗಲಿ ಎಂದು. ಆಮೇಲೆ ನಾಲಿಗೆಯ ಮೇಲೆ ಕುಚ್ಚಲಕ್ಕಿ ಅನ್ನದ ಒಂದೇ ಒಂದು ಅಗುಳು. ಲೋಟ ತುಟಿಗೆ. ಒಂದು ಗುಟುಕು. ಅಗುಳು ಇಳಿದುಹೋಯಿತು. ಅಣ್ಣಪ್ಪ ಬೆಪ್ಪಾಗಿ ನೋಡಿದ. "ಹೋತಾ?" ಎಂದು ಕೇಳಿದ, ಅದು ಬೇರೆಯವರ ಗಂಟಲು ಎಂಬಂತೆ.

ಗುರುವಾರ ಅಗುಳಿನಿಂದ ಬೆಂದ ಹೆಸರುಕಾಳಿಗೆ ಬಡ್ತಿ. ಮೂರು ಸಲ ಹೊರಗೆ ಬಂತು, ನಾಲ್ಕನೇ ಸಲ ಇಳಿಯಿತು. ಕಮಲಿ ಎದುರಿಗೆ ಕೂತು, ತಾನೂ ಅವನ ಜೊತೆ ಒಂದೊಂದು ಕಾಳು ನುಂಗಿದಳು. ರಾತ್ರಿಯ ಊಟಕ್ಕೆ ಮೆತ್ತಗೆ ಬೆಂದ ಅಲಸಂದೆ ಕಾಳು. ಅದು ಹೆಚ್ಚುಕಡಿಮೆ ಮಾತ್ರೆಯಷ್ಟೇ ದಪ್ಪ. ಅಣ್ಣಪ್ಪ ಕಣ್ಣು ಮುಚ್ಚಿ, ಉಸಿರು ಬಿಟ್ಟು, ನುಂಗಿದ. "ಅಬ್ಬೆ, ಇನ್ನೊಂದು ಹಾಕು," ಎಂದ. ನಾಗಮ್ಮ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟರು.

ಶುಕ್ರವಾರ ಬಂತು. ಅಂಗನವಾಡಿಯ ಜಗಲಿಯಲ್ಲಿ ಅಣ್ಣಪ್ಪ ನೆಟ್ಟಗೆ ಕೂತ. ಬಿಳಿ ಮಾತ್ರೆ ನಾಲಿಗೆಯ ನಡುವೆ, ಲೋಟ ತುಟಿಗೆ, ಒಂದು ಗುಟುಕು. ಒಂದು ಹೋಯಿತು. ಎರಡನೆಯದು ಅಂಟಿಕೊಂಡಿತು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಗುಟುಕಿಗೆ ಇಳಿಯಿತು. ಅವಸರ ಯಾರಿಗೂ ಇರಲಿಲ್ಲ. ಕೊನೆಗೆ ಉಳಿದದ್ದು ಆ ಕೆಂಪು ಗುಳಿಗೆ.

"ಇದಕ್ಕೆ ತಲೆ ಬಗ್ಸು," ಎಂದರು ವಿನುತಾ. "ಗದ್ದ ಎದೆಗೆ ತಾಗೂ ಹಂಗೆ. ತೇಲೂ ಗುಳಿಗೆ ತಾನಾಗಿ ಹಿಂದೆ ಹೋತದೆ."

ಮೂವತ್ತೆಂಟು ವರ್ಷ ಮೇಲೆಯೇ ನೋಡಿದವನು ತಲೆ ಬಗ್ಗಿಸಿದ. ನುಂಗಿದ. ಬಾಯಿ ತೆರೆದು ತೋರಿಸಿದ. ಖಾಲಿ.

ಏಳು ಮಾತ್ರೆಗೆ ಮುಕ್ಕಾಲು ಗಂಟೆ ಹಿಡಿದಿತ್ತು. ಆದರೆ ಹೇಳುತ್ತೇನೆ ಕೇಳಿ, ಊರಿನ ಎಲ್ಲಕ್ಕಿಂತ ಎತ್ತರದ ಮರ ಹತ್ತಿದ್ದಕ್ಕಿಂತ ಇದು ದೊಡ್ಡದು. ಮರ ಹತ್ತುವಾಗ ಅವನಿಗೆ ಹೆದರಿಕೆ ಇರಲಿಲ್ಲ. ಇಲ್ಲಿ ಹೆದರಿಕೆ ಇತ್ತು, ಆದರೂ ನುಂಗಿದ. ಮುಂದಿನ ವಾರ ಅರ್ಧ ಗಂಟೆ, ತಿಂಗಳಾಗುವಷ್ಟರಲ್ಲಿ ಐದು ನಿಮಿಷ. ಮೂತ್ರ ಕೆಂಪಗಾದರೆ ಗಾಬರಿಯಾಗಬೇಡ ಎಂದು ಮೊದಲೇ ಹೇಳಿದ್ದರು, ಅವನು ಗಾಬರಿಯಾಗಲಿಲ್ಲ. ಎರಡು ತಿಂಗಳಿಗೆ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಮಗಳನ್ನು ಎತ್ತಿಕೊಳ್ಳಲು ಡಾಕ್ಟರು ಒಪ್ಪಿಗೆ ಕೊಟ್ಟರು, ಆದರೆ ಮಾತ್ರೆ ನಿಲ್ಲಿಸಲು ಕೊಡಲಿಲ್ಲ. ಅವನೂ ನಿಲ್ಲಿಸಲಿಲ್ಲ. ಆರು ತಿಂಗಳು ಪೂರ್ತಿ ಮುಗಿಸಿದ.

ಕೊನೆಯ ಮಾತ್ರೆ ನುಂಗಿ ಮನೆಗೆ ಬಂದ ದಿನ ನಾಗಮ್ಮ ಒಳಗೆ ಹೋದರು. ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಮಗನ ಮುಂದೆ ಸುರಿದರು. ಬಿಪಿ ಮಾತ್ರೆಗಳು. ಒಂದೂ ಒಡೆಯದ ಹಾಳೆ ಹಾಳೆ.

"ಎಂತ ಅಬ್ಬೆ ಇದು? ತಲೆ ತಿರುಗ್ತದೆ ಹೇಳಿ ದಿನಾ ಬೀಳ್ತಿದ್ದದ್ದು ಇದಕ್ಕೇಯಾ?"

"ಹೌದು ಮಗಾ," ಎಂದರು ನಾಗಮ್ಮ. ಅವರ ಕಣ್ಣು ನೆಲದ ಮೇಲಿತ್ತು. "ನಂಗೂ ನುಂಗೂಕೆ ಬತ್ತಿಲ್ಲ. ಎರಡು ವರ್ಷ ಆತು. ಯಾರ ಹತ್ರ ಹೇಳೂದು? ಕಲ್ಸು ನಂಗೆ."

ಅಣ್ಣಪ್ಪ ನಗಲಿಲ್ಲ, ಗದರಲಿಲ್ಲ. "ನಾಳೆ ಡಾಕ್ಟರ್ ಹತ್ರ ಹೋಗಿ ಹೊಸ್ತಾಗಿ ಕೇಳ್ವ. ಇವತ್ತು ಅನ್ನದ ಅಗುಳು," ಎಂದು ತಾಯಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮಾತ್ರೆ ನುಂಗಲು ಬಾರದ ದೊಡ್ಡವರು ನಾವು ತಿಳಿದದ್ದಕ್ಕಿಂತ ಹೆಚ್ಚು ಜನ ಇದ್ದಾರೆ. ಅವರು ಹೇಳುವುದಿಲ್ಲ, ನಾಚಿಕೆ. ಡಾಕ್ಟರನ್ನು ಕೇಳದೆ ಮಾತ್ರೆ ಪುಡಿ ಮಾಡಬೇಡಿ, ಗುಳಿಗೆ ಒಡೆಯಬೇಡಿ. ನೆಟ್ಟಗೆ ಕೂತು, ಬಾಯಿ ಒದ್ದೆ ಮಾಡಿ, ಒಂದೊಂದಾಗಿ ನುಂಗಿ. ಬಾರದಿದ್ದರೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಬಾಯಿಬಿಟ್ಟು ಹೇಳಿ, ಕಲಿಸುತ್ತಾರೆ. ಎರಡು ವಾರ ಬಿಡದ ಕೆಮ್ಮಿದ್ದರೆ ಇವತ್ತೇ ಕಫ ಪರೀಕ್ಷೆ ಮಾಡಿಸಿ. ಮನೆಯವರು ಮಾತ್ರೆ ತಂದು ಸುಮ್ಮನೆ ಇಟ್ಟಿದ್ದರೆ ಅವರ ಮೇಲೆ ಸಿಟ್ಟಾಗಬೇಡಿ. ಇವತ್ತು ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿ: "ನಿಂಗೆ ನುಂಗೂಕೆ ಕಷ್ಟ ಆತದಾ?"