ಷವರಿನ ಪಕ್ಕದ ಮಣ್ಣಿನ ಡ್ರಮ್

ಹೈದರಾಬಾದಿನ ಹೊರವಲಯದ ಒಂದು ಶೆಡ್ಡಿನಲ್ಲಿ, ಸುತ್ತಿಗೆಗಳ ಗದ್ದಲದ ನಡುವೆ ನಾನು ಹುಟ್ಟಿದೆ. ತಗಡನ್ನು ಸುತ್ತಿ, ಬೆಸೆದು, ತಳ ಕೂರಿಸಿ, ಕಂಠಕ್ಕೆ ಬಳೆ ತೊಡಿಸುವ ಹೊತ್ತಿಗೆ ಯಾರದೋ ಕೈಯಿಂದ ಸುತ್ತಿಗೆ ಜಾರಿ ನನ್ನ ಪಕ್ಕೆಗೆ ಬಡಿಯಿತು. ಆ ನೆಗ್ಗು ಇವತ್ತಿಗೂ ಇದೆ. ನನ್ನ ಜೊತೆ ಹುಟ್ಟಿದ ಡ್ರಮ್ಮುಗಳೆಲ್ಲ ಅಡುಗೆ ಎಣ್ಣೆ, ಜೇನು, ಬಣ್ಣ ಅಂತ ಒಳ್ಳೊಳ್ಳೆ ಮನೆ ಸೇರಿದವು. ನನ್ನನ್ನು ನೋಡಲು ಬಂದವರು ಪಕ್ಕೆ ನೋಡಿ ಮುಂದೆ ಹೋಗುತ್ತಿದ್ದರು.

ಕೊನೆಗೆ ಒಪ್ಪಿದವರು ವೀರಶೆಟ್ಟಿ ಸಾಹೇಬರು. ಬೀದರ್ ಕಡೆಯ ಒಂದು ಕೀಟನಾಶಕ ಫ್ಯಾಕ್ಟರಿಯ ಸೇಫ್ಟಿ ಆಫೀಸರ್. ತೆಳ್ಳಗಿನ ಮನುಷ್ಯ, ದೊಡ್ಡ ಕನ್ನಡಕ, ಮಾತಾಡುವಾಗ ಎದುರಿಗಿರುವವರ ಮುಖ ಬಿಟ್ಟು ಅವರ ಬೂಟು ನೋಡುವ ಅಭ್ಯಾಸ. ನನ್ನನ್ನು ಮೂರನೇ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿ, ಹಳದಿ ಬಣ್ಣ ಬಳಿಸಿ, ಹೊಟ್ಟೆ ತುಂಬ ಮುಲ್ತಾನಿ ಮಿಟ್ಟಿ ತುಂಬಿಸಿದರು. ಹಿಟ್ಟಿನಂಥ ನುಣುಪು ಮಣ್ಣು. ಎಣ್ಣೆ ಜಿಡ್ಡು ಕಂಡರೆ ಹೀರಿಕೊಂಡು ತನ್ನೊಳಗೇ ಇಟ್ಟುಕೊಳ್ಳುವುದು ಅದರ ಗುಣ. ಮುಚ್ಚಳ ಹಾಕಿದ ಮೇಲೆ ಸಾಹೇಬರು ಅದರ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ನಿನ್ನ ಮುಚ್ಚಳಾ ತೆಗಿಯೋ ದಿನಾ ಬರದಿರಲಿ."

ಅವರ ಮಟ್ಟಿಗೆ ಅದು ಹಾರೈಕೆ. ಆದರೆ ಅಂಥ ಹಾರೈಕೆ ಪಡೆದವನ ಗತಿ ಏನು, ನೀವೇ ಯೋಚಿಸಿ. ಯಾರೂ ನನ್ನ ಹತ್ತಿರ ಬಾರದಿದ್ದರೆ ಎಲ್ಲರಿಗೂ ಒಳ್ಳೆಯದು. ನಾನು ಬೇಕಾದ ದಿನ ಯಾರಿಗೋ ಕೇಡುಗಾಲ. ಹೀಗೆ ಬದುಕುವುದು ಹೇಗೆ?

ನನ್ನ ಪಕ್ಕದಲ್ಲಿ ಷವರ್ ಇತ್ತು. ಕೆಂಪು ಕೊಳವೆ, ಜಗ್ಗುವ ಸರಪಳಿ, ಎಳೆದರೆ ತಲೆಯ ಮೇಲೆ ಧೋ ಅಂತ ನೀರು. ದಸರಾ ಬಂದರೆ ಅದಕ್ಕೆ ಚೆಂಡುಹೂವಿನ ಹಾರ, ಕುಂಕುಮ, ಕಾಯಿ. ಪಂಪಿಗೂ ಕೈಗಾಡಿಗೂ ಪೂಜೆ ಆಗುತ್ತಿತ್ತು. ನನ್ನ ಮೇಲೆ ಹಾರದ ಖಾಲಿ ಬುಟ್ಟಿ ಇಡುತ್ತಿದ್ದರು.

ಸಾಹೇಬರು ಆಗಾಗ ಕೆಲಸಗಾರರನ್ನೆಲ್ಲ ನನ್ನ ಸುತ್ತ ನಿಲ್ಲಿಸಿ ಪಾಠ ಮಾಡುತ್ತಿದ್ದರು. "ಆಸಿಡ್ ಬಿತ್ತು, ಮೈ ಉರೀತು ಅಂದ್ರ ಷವರ್ ಕೆಳಗ ಓಡ್ರಿ, ತಡಾ ಮಾಡಬ್ಯಾಡ್ರಿ. ಆದ್ರ ಈ ಶೆಡ್ಡಿನ ವಿಷದ ಎಣ್ಣಿ ಬೇರೆ. ಅದು ಉರಿಯಂಗಿಲ್ಲ, ಸುಮ್ಮನ ಒಳಗ ಇಳಿತದ. ನೀರಾಗ ಕರಗಂಗಿಲ್ಲ. ಮೊದಲ ನೀರ್ ಹಾಕಿದ್ರ ತಲೀಲಿಂದ ಕಾಲತನಾ ಹರಡತದ, ತೊಗಲೊಳಗ ಇನ್ನಷ್ಟು ಹೋಗತದ. ಅದಕ್ಕ ಮೊದಲ ಬಟ್ಟಿ ತಗೀರಿ. ಬಟ್ಟಿ ಹೋತಂದ್ರ ಮುಕ್ಕಾಲು ವಿಷಾ ಹೋತು. ಆಮ್ಯಾಲ ಮಣ್ಣ ಹಾಕಿ ಒತ್ರಿ, ಉದುರಸ್ರಿ, ಮತ್ತ ಹಾಕ್ರಿ. ನೀರು ಕಡೀಗೆ."

ಆಪರೇಟರ್ ಮೈನುದ್ದೀನ್ ಕೈಕಟ್ಟಿ ನಿಂತು ಗಂಭೀರವಾಗಿ ಹೇಳುತ್ತಿದ್ದ: "ಜೀವ ಇದ್ದಾಗ ನೀರು, ಜೀವ ಹೋದಮ್ಯಾಲ ಮಣ್ಣು. ನಿಮ್ಮಲ್ಲೂ ಹಂಗೇ, ನಮ್ಮಲ್ಲೂ ಹಂಗೇ. ನೀವು ಉಲ್ಟಾ ಹೇಳಾಕತ್ತೀರಲ್ರಿ ಸಾಹೇಬ್ರ."

ಎಲ್ಲರೂ ಹೋ ಅಂತ ನಗುತ್ತಿದ್ದರು. ಸಾಹೇಬರಿಗೆ 'ಮಣ್ಣಿನ ಸಾಹೇಬ' ಅಂತ ಹೆಸರು ಬಿತ್ತು. ಜನ ಚದುರಿದ ಮೇಲೆ ಅವರು ಒಬ್ಬರೇ ನನ್ನ ಪಕ್ಕ ಸ್ವಲ್ಪ ಹೊತ್ತು ನಿಂತು, ಮುಚ್ಚಳದ ಧೂಳು ಕರವಸ್ತ್ರದಲ್ಲಿ ಒರೆಸಿ ಹೋಗುತ್ತಿದ್ದರು. ನಮ್ಮಿಬ್ಬರಿಗೂ ಬೇರೆ ಗೆಳೆಯರಿರಲಿಲ್ಲ.

ಹಾಗಿರುವಾಗ ಸುಗಲಾಬಾಯಿ ಬಂದಳು. ಗುತ್ತಿಗೆದಾರನ ಕಡೆಯಿಂದ ಕಸ ಗುಡಿಸಲು ಬಂದ ನಡುವಯಸ್ಸಿನ ಹೆಂಗಸು. ಒಂದು ದಿನ ನನ್ನನ್ನು ಒರೆಸುತ್ತಾ, ಒಳಗೇನಿದೆ ನೋಡೋಣ ಅಂತ ಮುಚ್ಚಳ ಎತ್ತಿದಳು. ಹಿಡಿ ಮಣ್ಣು ತೆಗೆದು ಮೂಸಿದಳು.

"ಅಯ್ಯ, ಇದು ತಲೀ ತೊಳಿಯೋ ಮಣ್ಣಲ್ಲೇನ! ನಮ್ಮವ್ವ ಇದರಾಗೇ ನನಗ ಎರೀತಿದ್ಳು."

ಮೊಣಕೈವರೆಗೂ ಕೈ ಹಾಕಿದಳು. ಅಲ್ಲಿಯವರೆಗೆ ನನ್ನೊಳಗೆ ಯಾರ ಕೈಯೂ ಬಂದಿರಲಿಲ್ಲ. ಒರಟು ಕೈ, ಎರಡು ಗಾಜಿನ ಬಳೆ, ಸೋಪಿನ ವಾಸನೆ. ಆ ಕೈ ನನಗೆ ಎಷ್ಟು ಹಿತವಾಯಿತೆಂದರೆ, ಇವಳು ಕದಿಯುತ್ತಿದ್ದಾಳೆ ಎನ್ನುವ ವಿಚಾರವೇ ತಲೆಗೆ ಬರಲಿಲ್ಲ. ಒಂದು ಹಿಡಿ ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಮುಂದಿನ ವಾರ ಮತ್ತೆ ಬಂದಳು. ಮಧ್ಯಾಹ್ನದ ಬುತ್ತಿಯನ್ನು ನನಗೇ ಒರಗಿ ಕೂತು ಉಣ್ಣತೊಡಗಿದಳು. ಗಂಡ ಬಿಟ್ಟುಹೋದದ್ದು, ಬಾಡಿಗೆ ಖೋಲಿಯ ಒಡತಿಯ ಬಾಯಿ, ಒಬ್ಬಳಿಗಾಗಿ ರೊಟ್ಟಿ ಬಡಿಯುವ ಬೇಸರ, ಎಲ್ಲ ನನಗೇ ಹೇಳುತ್ತಿದ್ದಳು. ಕಳ್ಳಿ ಅನ್ನುವವರು ಅನ್ನಲಿ. ನನ್ನನ್ನು ಮಾತಾಡಿಸಿದವಳು ಅವಳೊಬ್ಬಳೇ.

ಪ್ಯಾಕಿಂಗ್ ವಿಭಾಗದ ಜಗದೇವಿಯೂ ಬಂದು ಕೂರಲು ಶುರುಮಾಡಿದಳು. ಚಿಕ್ಕ ವಯಸ್ಸಿನವಳು, ಸೊಂಟದ ಕೆಳಗಿನವರೆಗೆ ಜಡೆ. ಊಟವಾದ ಮೇಲೆ ಸುಗಲಾಬಾಯಿ ಅವಳ ತಲೆಗೆ ಕೊಬ್ಬರಿ ಎಣ್ಣೆ ಒತ್ತಿ ಬಿಗಿಯಾಗಿ ಹೆಣೆಯುತ್ತಿದ್ದಳು. "ಇಂಥಾ ಕೂದ್ಲ ನನಗೊಬ್ಬಕಿ ಮಗಳಿದ್ರ ಇರ್ತಿತ್ತು ನೋಡು" ಅಂದು ಅವಳಿಗೂ ಒಂದು ಹಿಡಿ ಮಣ್ಣು ಕೊಟ್ಟಳು. ಜಗದೇವಿಯ ತಲೆ ಮಿಂಚಿದ್ದು ನೋಡಿ ಉಳಿದ ಹೆಂಗಸರೂ ಬಂದರು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ನನ್ನ ಹೊಟ್ಟೆ ಇಳಿಯುತ್ತಾ ಬಂತು.

ಒಮ್ಮೆ ಹೊರಗಿನಿಂದ ತಪಾಸಣೆಯವರು ಬರುತ್ತಾರೆಂದು ಸುದ್ದಿಯಾಯಿತು. ಸುಗಲಾಬಾಯಿ ಓಡಿದಳು. ಮುರಿದ ಬಿದಿರಿನ ಬುಟ್ಟಿಯೊಂದನ್ನು ತಂದು ನನ್ನೊಳಗೆ ಬೋರಲು ಹಾಕಿ, ಹರಕು ಚೀಲ ಹಾಸಿ, ಉಳಿದ ಮಣ್ಣನ್ನು ಮೇಲೆ ಸವರಿಟ್ಟಳು. ಮುಚ್ಚಳ ತೆಗೆದರೆ ಕಂಠದವರೆಗೂ ಮಣ್ಣು! ಬಂದವರು ತಲೆಯಾಡಿಸಿ ಹೋದರು. ಅಂದಿನಿಂದ ವೀರಶೆಟ್ಟಿ ಸಾಹೇಬರು ಇಣುಕಿದಾಗಲೆಲ್ಲ ತುಂಬಿದ ನನ್ನನ್ನು ಕಂಡು ಸಮಾಧಾನಪಡುತ್ತಿದ್ದರು. ಆಗೆಲ್ಲ ನನಗೆ ಸಂಕಟ. ಹೇಳೋಣವೆಂದರೆ ನನಗೆ ಇರುವುದು ಬಾಯಿಯಲ್ಲ, ಬರೀ ಮುಚ್ಚಳ.

ನಾಗರ ಪಂಚಮಿಯ ಹಿಂದಿನ ದಿನ. ಹಬ್ಬಕ್ಕೆ ತಲೆ ಎರೆದುಕೊಳ್ಳಬೇಕಲ್ಲ, ಬೆಳಗ್ಗೆಯೇ ಹೆಂಗಸರೆಲ್ಲ ಬಂದು ತಮ್ಮ ತಮ್ಮ ಪಾಲು ಗಂಟು ಕಟ್ಟಿಕೊಂಡರು. ಬುಟ್ಟಿಯ ಮೇಲೆ ಬೆರಳುದ್ದ ಮಣ್ಣು ಉಳಿಯಿತು.

ಊಟದ ಗಂಟೆ ಹೊಡೆಯುವ ಮುಂಚೆ ಜಗದೇವಿ ಲೇಬಲ್ಲುಗಳ ಕಟ್ಟು ಹಿಡಿದು ಮೂರನೇ ಶೆಡ್ಡು ದಾಟುತ್ತಿದ್ದಳು. ಮೇಲಿನ ಪೈಪಿನ ಜೋಡಣೆ ಬಿಚ್ಚಿತು. ತಲೆ, ಹೆಗಲು, ಬೆನ್ನಿನ ಮೇಲೆ ಆ ಎಣ್ಣೆ ಸುರಿಯಿತು. ಶೆಡ್ಡು ತುಂಬ ಕೊಳೆತ ಬೆಳ್ಳುಳ್ಳಿಯ ನಾತ. ಯಾರೋ ಓಡಿ ವಾಲ್ವ್ ಬಂದ್ ಮಾಡಿದರು.

"ಏನೂ ಆಗಿಲ್ಲ, ಉರಿ ಇಲ್ಲ" ಅಂದಳು ಜಗದೇವಿ. ನಗಲೂ ನೋಡಿದಳು.

ಮೈನುದ್ದೀನ್ ಅವಳನ್ನು ಷವರಿನ ಕೆಳಗೆ ತಳ್ಳಿ ಸರಪಳಿಗೆ ಕೈ ಹಾಕಿದ. ಅವನದು ತಪ್ಪಲ್ಲ. ಮೈಮೇಲೆ ಕೆಟ್ಟದ್ದು ಬಿದ್ದರೆ ನೀರು ಹೊಯ್ಯಬೇಕೆಂದು ನಮ್ಮ ಜನಕ್ಕೆ ಹುಟ್ಟಿನಿಂದ ಗೊತ್ತು. ಅಷ್ಟರಲ್ಲಿ ವೀರಶೆಟ್ಟಿ ಸಾಹೇಬರು ಓಡಿ ಬಂದರು. ಯಾವತ್ತೂ ದನಿ ಎತ್ತದ ಮನುಷ್ಯ ಕೂಗಿದರು:

"ಬಿಡೋ ಸರಪಳೀ! ನೀರ್ ಬ್ಯಾಡ! ಮಣ್ಣು ತಗಿ, ಮಣ್ಣು!"

ಮೈನುದ್ದೀನನ ಕೈ ನಿಂತಿತು. ನನ್ನ ಮುಚ್ಚಳ ಹಾರಿತು. ನನ್ನ ಜನ್ಮ ಸಾರ್ಥಕವಾಗಬೇಕಾದ ಗಳಿಗೆ ಅದು. ಸಾಹೇಬರು ಮಣ್ಣು ಮೊಗೆಯಲು ಒಂದು ಡಬ್ಬಿ ತೆಗೆದುಕೊಂಡು ಜೋರಾಗಿ ಒಳಗೆ ಹಾಕಿದರು. ಟಕ್ ಅಂತ ಬುಟ್ಟಿಗೆ ಬಡಿಯಿತು.

ಅವರು ಚೀಲ ಎಳೆದರು, ಬುಟ್ಟಿ ಎತ್ತಿದರು, ಒಳಗೆ ಬಗ್ಗಿ ನೋಡಿದರು. ಇಷ್ಟು ವರ್ಷದಲ್ಲಿ ಅವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಆಗಲೇ. ಆ ಮುಖ ಯಾರಿಗೂ ಬೇಡ. ನನ್ನ ಖಾಲಿತನಕ್ಕೆ ನಾನು ನಾಚಿ ಸತ್ತೆ.

"ಮಣ್ಣೆಲ್ಲಿ?" ಅಂದರು, ಯಾರನ್ನೂ ನೋಡದೆ.

ಜಗದೇವಿಯ ಬಾಯಿಂದ ಜೊಲ್ಲು ಇಳಿಯತೊಡಗಿತ್ತು. "ಯಕ್ಕಾ, ಕಣ್ಣು ಮಂಜಾಗಾಕತ್ಯಾವು" ಅಂದಳು. ಸುಗಲಾಬಾಯಿ ಮುಂದೆ ಬಂದು ಸೆರಗಿನ ಗಂಟು ಬಿಚ್ಚಿ ಹಿಡಿದಳು.

"ನಾ ಒಯ್ದೀನ್ರಿ ಸಾಹೇಬ್ರ. ಎಲ್ಲಾರಿಗೂ ನಾನೇ ಕಲಿಸೀನಿ. ಕೆಲಸಾ ಹೋದ್ರ ಹೋಗಲಿ, ಮೊದಲ ಇದನ್ನ ತಗೋರಿ." ಆಮೇಲೆ ತಿರುಗಿ ಉಳಿದವರಿಗೆ, "ಏನ್ ನೋಡಾಕತ್ತೀರಿ, ಬಿಚ್ರೇ!"

ಬಿಚ್ಚಿದರು. ಸೆರಗಿನಿಂದ, ಸೊಂಟದಿಂದ, ಬುತ್ತಿಯ ಚೀಲದಿಂದ ಒಂದೊಂದಾಗಿ ಗಂಟುಗಳು ಹೊರಬಂದವು. ತಿಂಗಳುಗಟ್ಟಲೆ ಹಿಡಿ ಹಿಡಿಯಾಗಿ ಹೋದದ್ದರಲ್ಲಿ ಆ ಬೆಳಗಿನ ಪಾಲಷ್ಟೂ ನನ್ನೊಳಗೆ ವಾಪಸು ಬಿತ್ತು.

ಇನ್ನು ಬಟ್ಟೆ. ಜಗದೇವಿ ಎದೆಗೆ ಕೈ ಅಡ್ಡ ಇಟ್ಟು ಕೂತುಬಿಟ್ಟಳು. "ಇಷ್ಟು ಗಂಡಸರ ಮುಂದ ಬ್ಯಾಡ ಯಕ್ಕಾ, ಸತ್ರೂ ಚಿಂತಿಲ್ಲ." ಒಬ್ಬಳು ತವರಿನಿಂದ ಹಬ್ಬಕ್ಕೆ ಬಂದ ಹೊಸ ಸೀರೆಯ ಮಡಿಕೆ ಬಿಚ್ಚಿದಳು, ನಾಲ್ಕು ಜನ ಸುತ್ತ ಹಿಡಿದು ನಿಂತರು. ಗಂಡಸರು ತಾವಾಗಿಯೇ ಗೋಡೆಯ ಕಡೆ ತಿರುಗಿದರು. ಸಾಹೇಬರು ಕೈಗವಸು, ಮುಖವಾಡ, ಕತ್ತರಿಗಳನ್ನು ಸೀರೆಯ ಮೇಲಿಂದ ಒಳಗೆ ಕೊಟ್ಟು, ತಾವೂ ಬೆನ್ನು ತಿರುಗಿಸಿ ಹೇಳುತ್ತಾ ಹೋದರು. ಒಳಗಿನ ಕೈಗಳು ಮಾಡುತ್ತಾ ಹೋದವು.

"ಬಟ್ಟಿ ತಲೀ ಮ್ಯಾಲಿಂದ ಎಳೀಬ್ಯಾಡ್ರಿ, ಕತ್ತರಸ್ರಿ. ಮಾರಿ, ಮೂಗು ಮೊದಲ ಒರಸ್ರಿ. ಮಣ್ಣ ಹಾಕಿ ಒತ್ರಿ, ತಿಕ್ಕಬ್ಯಾಡ್ರಿ. ಉದುರಸ್ರಿ. ಮತ್ತ ಹೊಸಾ ಮಣ್ಣ."

ಸುಗಲಾಬಾಯಿಯ ಕೈಯನ್ನು ನಾನು ಬಲ್ಲೆ. ಮತ್ತೆ ಮತ್ತೆ ಅದು ನನ್ನೊಳಗೆ ಬಂತು. ಬಳೆ ತೆಗೆದಿಟ್ಟು ಕೈಗವಸು ಹಾಕಿದ್ದಳು.

"ಮೈಯಾಗಿಂದು ಬರ್ತದರಿ. ಜಡೀಯಾಗಿಂದು ಬರವಲ್ದು."

ಬರುವುದು ಹೇಗೆ? ನಿತ್ಯ ಒತ್ತಿದ ಕೊಬ್ಬರಿ ಎಣ್ಣೆಯೊಳಗೆ ಆ ಎಣ್ಣೆ ಬೆರೆತುಹೋಗಿತ್ತು. ಸಾಹೇಬರು "ಕತ್ತರಸ್ರಿ" ಅಂದರು. ಜಗದೇವಿ ಅಲ್ಲಿಯವರೆಗೆ ಅತ್ತಿರಲಿಲ್ಲ, ಆಗ ಅತ್ತಳು. ಸುಗಲಾಬಾಯಿಯೂ ಅಳುತ್ತಲೇ ಬುಡಕ್ಕೇ ಕತ್ತರಿಸಿದಳು. ನನ್ನಲ್ಲಿದ್ದ ಕೊನೆಯ ಹಿಡಿ ಜಗದೇವಿಯ ಬೋಳು ತಲೆಗೆ ಹೋಯಿತು. ಆಮೇಲೆ ಷವರು, ಆಮೇಲೆ ಅಂಬ್ಯುಲೆನ್ಸು. ಬಹಳ ದಿನ ಆಸ್ಪತ್ರೆಯಲ್ಲಿದ್ದಳಂತೆ. ಬದುಕಿದಳು.

ವಿಷ ಕುಡಿದ ಆ ಮಣ್ಣು, ಹರಿದ ಬಟ್ಟೆ, ಉದ್ದನೆಯ ಜಡೆ, ಹಬ್ಬದ ಹೊಸ ಸೀರೆ, ಎಲ್ಲವನ್ನೂ ನನ್ನೊಳಗೇ ಹಾಕಿ ಮುಚ್ಚಳ ಬಿಗಿದರು. ನೆಗ್ಗಿನ ಮೇಲೆ ತಲೆಬುರುಡೆಯ ಚಿತ್ರ ಅಂಟಿಸಿದರು. ಸುಗಲಾಬಾಯಿಯನ್ನು ಗುತ್ತಿಗೆದಾರ ಮರುದಿನವೇ ಕೆಲಸದಿಂದ ತೆಗೆದ. ವೀರಶೆಟ್ಟಿ ಸಾಹೇಬರು ಅವಳ ಪರವಾಗಿ ಎಷ್ಟು ಓಡಾಡಿದರೂ ಆಗಲಿಲ್ಲ. ನನ್ನ ಜಾಗದಲ್ಲಿ ಈಗ ಗಾಜಿನ ಪೆಟ್ಟಿಗೆ ಬಂದಿದೆಯಂತೆ, ಒಳಗೆ ಸೀಲು ಮಾಡಿದ ಸಣ್ಣ ಪೊಟ್ಟಣಗಳು. ಯಾರೂ ಕೈ ಹಾಕುವಂತಿಲ್ಲ. ಒಳ್ಳೆಯದೇ.

ನಾನು ಫ್ಯಾಕ್ಟರಿಯ ಹಿಂದೆ, ವಿಷದ ಕಸ ಇಡುವ ತಂತಿಬೇಲಿಯ ಶೆಡ್ಡಿನಲ್ಲಿದ್ದೇನೆ. ಲಾರಿ ಬಂದ ದಿನ ಸುಡುವ ಒಲೆಗೆ ಹೋಗುತ್ತೇನೆ. ಇಲ್ಲಿ ಹಕ್ಕಿಯೂ ಕೂರುವುದಿಲ್ಲ. ಕತ್ತಲೆಯಲ್ಲಿ ಆ ಜಡೆ ನನ್ನ ಗೋಡೆಗೆ ಒತ್ತಿಕೊಂಡು ಮಲಗಿದೆ. ಜಗದೇವಿಯ ಮೈಯೊಳಗೆ ಇಳಿಯಬೇಕಾಗಿದ್ದದ್ದು ನನ್ನ ಹೊಟ್ಟೆಯಲ್ಲಿದೆ. ಸಾಹೇಬರ ಹಾರೈಕೆ ಈಗ ಪೂರ್ತಿ ಫಲಿಸಿದೆ: ನನ್ನ ಮುಚ್ಚಳ ಇನ್ನು ಯಾರೂ ತೆಗೆಯಬಾರದು.

ಮೊನ್ನೆ ದಸರಾದಂದು ಜಗದೇವಿ ಬಂದಳು. ತಲೆಯಲ್ಲಿ ಬೆರಳ ಗೆಣ್ಣುದ್ದದ ಕೂದಲು, ಕೈಯಲ್ಲಿ ಚೆಂಡುಹೂವು. ಬೇಲಿಯ ಹೊರಗೆ ನಿಂತು, "ಯಕ್ಕ ನಿನ್ನ ಕೇಳ್ಯಾಳ" ಅಂದಳು. "ಗೇಟಿನಾಗ ಬಿಡಂಗಿಲ್ಲ ಅಕೀಗೆ. ಹ್ಯಾಂಗ ಅದಾನ ನೋಡಿ ಬಾ ಅಂದಾಳ."

ನನ್ನನ್ನು ಹೇಗಿದ್ದೀ ಎಂದು ಯಾರೋ ಕೇಳಿದ್ದಾರೆ! ನಾನು ಇನ್ನೂ ಆ ಮಾತಿನಲ್ಲೇ ಇದ್ದೆ, ಅಷ್ಟರಲ್ಲಿ ಅವಳು ಹೂವು ಇಡಲೆಂದು ತಂತಿಯ ಸಂದಿಯಿಂದ ನನ್ನ ಕಡೆಗೆ ಕೈ ಚಾಚಿದಳು. ಜೀವಮಾನವೆಲ್ಲ ಒಂದು ಕೈಗಾಗಿ ಕಾದವನು ನಾನು. ಆ ಕೈ ಹತ್ತಿರ ಬಂದಂತೆ, ಬೇಡ ತಾಯಿ, ಮುಟ್ಟಬೇಡ, ಮುಟ್ಟಬೇಡ ಎಂದು ಒಳಗೊಳಗೇ ಬಡಿದುಕೊಂಡೆ.

ಅವಳು ತಲೆಬುರುಡೆಯ ಚಿತ್ರ ನೋಡಿದಳು. ಹೂವನ್ನು ಬೇಲಿಗೆ ಸಿಕ್ಕಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು. ಒಂದು ಕೈ ನನ್ನಿಂದ ದೂರ ಸರಿದದ್ದಕ್ಕೆ ನನಗೆ ಖುಷಿಯಾದದ್ದು ಅದೊಂದೇ ಸಲ.