ಎಲ್ಲಾ ಕಾಯೇ

ನನ್ನ ಮೈದುನನಿಗೆ ನಾನಿಟ್ಟ ಹೆಸರು ನಿಘಂಟು. ಮನೆಯಲ್ಲಿ ಪರದೇಶದ ಭಾಷೆ ಬರುವುದು ಅವನೊಬ್ಬನಿಗೇ. ತೆಂಗಿನ ಸಸಿಮಡಿಯ ಪಕ್ಕದಲ್ಲೇ ಹುಟ್ಟಿ ಬೆಳೆದರೂ ಕಾಲಿಗೆ ಮಣ್ಣು ಮೆತ್ತಿಸಿಕೊಂಡವನಲ್ಲ. ಅವನನ್ನು ಬೈಯುವುದು ನನಗೆ ನೀರು ಕುಡಿದಷ್ಟು ಸಲೀಸು. ಈಗ ಬೈಯಲು ನಿಜವಾದ ಕಾರಣ ಸಿಕ್ಕಿದೆ, ಬಾಯೇ ಬರುತ್ತಿಲ್ಲ.

ಸಮುದ್ರದಾಚೆಯ ದೇಶವೊಂದರಲ್ಲಿ ಹಳದಿ ರೋಗ ಬಂದು ತೋಟಕ್ಕೆ ತೋಟವೇ ಗರಿ ಉದುರಿಸಿಕೊಂಡು ಬೋಳಾಗಿತ್ತು. ನಮ್ಮ ಗಿಡ್ಡ ತಳಿ ಆ ರೋಗಕ್ಕೆ ಜಗ್ಗುವುದಿಲ್ಲವೆಂದು ಗೊತ್ತಾಗಿ ಎರಡೂ ಕಡೆಯ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ನಮ್ಮ ಮನೆಯ ಸಸಿಮಡಿಯಿಂದ ಬೀಜದ ಕಾಯಿ ಕಳಿಸಬೇಕು, ಅವರು ಅಲ್ಲಿ ತೋಟ ಎಬ್ಬಿಸಬೇಕು. ನಾಳೆ ನಮ್ಮ ಮರಗಳಿಗೇ ಏನಾದರೂ ಆದರೆ ಅದೇ ತಳಿಯನ್ನು ಅವರು ನಮಗೆ ವಾಪಸು ಕೊಡಬೇಕು. ಕೊಟ್ಟು ತರುವ ನೆಂಟಸ್ತನ ಅನ್ನಿ.

ಅಲ್ಲಿಯ ಸಸಿಮಡಿ ನೋಡಿಕೊಳ್ಳುವವಳು ನನಗಿಂತ ತುಸು ದೊಡ್ಡವಳು. ಅಕ್ಕ ಎಂದೇ ಕರೆಯುತ್ತೇನೆ. ಭಾಷೆ ಬಾರದಿದ್ದರೂ ಫೋನಿನಲ್ಲಿ ಮುಖ ನೋಡಿಕೊಂಡು ಕೈಸನ್ನೆಯಲ್ಲೇ ಹರಟುತ್ತೇವೆ. ಒಂದು ದಿನ ನಾನು ಕಾಯಿ ಎತ್ತಿ ತೋರಿಸಿ "ಕಾಯಿ" ಅಂದೆ. ಅವಳೂ "ಕಾಯಿ" ಅಂದಳು. ನಮ್ಮ ಭಾಷೆಯಲ್ಲಿ ಅವಳಿಗೆ ಬರುವುದು ಅದೊಂದೇ ಪದ. ಅವಳ ಬೆನ್ನ ಹಿಂದೆ ಸತ್ತ ಮರಗಳು ಕರೆಂಟು ಕಂಬಗಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು.

ಬೀಜದ ಕಾಯಿಗೆ ತಾಯಿಮರಗಳನ್ನು ಆರಿಸಿದ್ದು ನನ್ನ ಮಾವ. ಗೊನೆಗಳನ್ನು ಹಗ್ಗ ಕಟ್ಟಿಸಿ ಇಳಿಸಿದರು, ಒಂದನ್ನೂ ಕೆಳಕ್ಕೆ ಬೀಳಗೊಡಲಿಲ್ಲ. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಕುಲುಕಿ, ಒಳಗೆ ನೀರು ಗುಳುಗುಳು ಅಂದದ್ದನ್ನು ಮಾತ್ರ ಪೆಟ್ಟಿಗೆಗೆ ಹಾಕಿದರು.

ಹಡಗು ತಲುಪಿದ ಮೇಲೆ ಆ ಕಡೆಯ ಬಂದರಿನ ತಪಾಸಣೆ ಅಧಿಕಾರಿ ವಿಡಿಯೊದಲ್ಲಿ ಬಂದ. ಸಸಿಮಡಿಯ ಆಫೀಸಿನಲ್ಲಿ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನಿಘಂಟು, ಮದುಮಗನ ಗತ್ತಿನಲ್ಲಿ.

"ಅಪ್ಪಾ, ಹಣ್ಣಾಗಿದೆಯಾ ಅಂತ ಕೇಳ್ತಿದ್ದಾರೆ."

"ಹಣ್ಣಾ?" ಮಾವ ಗಹಗಹಿಸಿ ನಕ್ಕರು. "ತೆಂಗು ಯಾವ ಕಾಲಕ್ಕೆ ಹಣ್ಣಾಗಿತ್ತೋ? ಎಲ್ಲಾ ಕಾಯೇ ಅಂತ ಹೇಳು!"

ನಾನೂ ನಕ್ಕೆ. ನಿಘಂಟು ನಗಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ದಾಟಿಸಿದ. ಅಧಿಕಾರಿ ತಲೆಯಾಡಿಸಿ ಪರದೆಯಿಂದ ಎದ್ದು ಹೋದ. ನಾವು ಟೀ ಕುಡಿದು ಮನೆಗೆ ಬಂದೆವು.

ಆಮೇಲೆ ಅಲ್ಲಿಂದ ಸುದ್ದಿಯೇ ಇಲ್ಲ. ಕೇಳಿದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎಂಬ ಉತ್ತರ. ತಿಂಗಳುಗಟ್ಟಲೆ ಕಾದ ಮೇಲೆ ಕಾರಣ ಗೊತ್ತಾಯಿತು. ಒಂದೂ ಹಣ್ಣಾಗಿಲ್ಲ, ಎಲ್ಲ ಕಾಯಿ ಎಂದಿದ್ದ ನಮ್ಮ ನಿಘಂಟು. ಆ ಭಾಷೆಯಲ್ಲಿ ಅದರ ಅರ್ಥ, ಎಲ್ಲ ಎಳಸು. ಎಳಸು ಬೀಜಕ್ಕೆ ಬಾರದೆಂದು ಬಂದರಿನವರು ಪೆಟ್ಟಿಗೆಗಳನ್ನು ಗೋದಾಮಿಗೆ ತಳ್ಳಿ ಬೀಗ ಜಡಿದಿದ್ದರು.

"ಅಪ್ಪ ಹೇಳಿದ್ದನ್ನೇ ಹೇಳಿದೆ ಅತ್ತಿಗೆ," ಅಂದ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಹೇಳಿದ್ದನ್ನೇ ಹೇಳೋಕೆ ಒಂದು ಗಿಳಿ ಸಾಕಿತ್ತು ಕಣೋ! ಬಲಿತಿದೆಯಾ ಅಂತ ಕೇಳೋಕೆ ಬರ್ತಿರಲಿಲ್ವಾ ನಿಂಗೆ?"

"ಬಿಡಮ್ಮಾ," ಅಂದರು ಮಾವ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಗಾಡಿದ್ದು ನಾನು." ಅವರ ದನಿ ಕೇಳಿ ನನ್ನ ಸಿಟ್ಟು ನನ್ನಲ್ಲೇ ಉಳಿಯಿತು.

ಮೇಲಿನವರಿಗೆ ವಿವರಿಸಿ, ಗೋದಾಮಿನ ಬಾಗಿಲು ತೆಗೆಸಿದ್ದಾಯಿತು. ಒಳಗೆ ಕಾಯಿಗಳೆಲ್ಲ ಸಿಪ್ಪೆ ಸೀಳಿಕೊಂಡು ಹಸಿರಾಗಿ ಮೊಳೆತು ನಿಂತಿದ್ದವು. ಬಲಿತಿತ್ತು ಎನ್ನುವುದಕ್ಕೆ ಇನ್ಯಾವ ಸಾಕ್ಷಿ ಬೇಕು? ನಾನು ಕುಣಿದಾಡುವುದೊಂದು ಬಾಕಿ. ಅಷ್ಟರಲ್ಲಿ ಅಧಿಕಾರಿ ಇನ್ನೊಂದು ತಕರಾರು ತೆಗೆದ. ಒಪ್ಪಂದ ಆಗಿದ್ದು ಬೀಜಕ್ಕೆ. ಮೊಳೆತರೆ ಅದು ಸಸಿ. ಸಸಿ ದೇಶದೊಳಕ್ಕೆ ಬರುವ ಹಾಗಿಲ್ಲ. ಅಷ್ಟನ್ನೂ ಬಂದರಿನ ಹಿಂದೆ ರಾಶಿ ಹಾಕಿ ಸುಟ್ಟರು. ಅಕ್ಕ ಫೋನಿನಲ್ಲಿ ಹೊಗೆ ತೋರಿಸಿ ಅತ್ತಳು. ನಾನೂ ಅತ್ತೆ.

"ಮತ್ತೆ ಕಳಿಸಿದರಾಯ್ತು. ಮರ ಎಲ್ಲಿಗೆ ಓಡಿ ಹೋಗುತ್ತೆ?" ಅಂದರು ಮಾವ.

ಅವರ ಬಾಯಿಗೆ ಯಾರ ದೃಷ್ಟಿ ತಾಗಿತೋ. ಮತ್ತೆ ಗೊನೆ ಇಳಿಸಲು ಹೋದಾಗ ಮರ ಹತ್ತುವವನು ಮೇಲಿಂದ ಕೂಗಿದ: "ಅಮ್ಮಾ, ಸುಳಿ ಕೈಗೇ ಬಂತು!" ನಟ್ಟ ನಡುವಿನ ಎಳೆಗರಿ ಬುಡ ಕೊಳೆತು ಕಿತ್ತು ಬಂದಿತ್ತು. ವಾಸನೆ ಕೆಳಗಿದ್ದ ನಮ್ಮ ಮೂಗಿಗೂ ಬಡಿಯಿತು. ಸುಳಿಕೊಳೆ. ತೆಂಗಿಗೆ ಇರುವುದೊಂದೇ ಸುಳಿ, ಅದು ಹೋದರೆ ಮರ ಹೋಯಿತು. ಪಕ್ಕದ ತಾಯಿಮರ, ಅದರ ಪಕ್ಕದ್ದು, ಎಲ್ಲಕ್ಕೂ ಹತ್ತತೊಡಗಿತ್ತು. ರೋಗ ಹೊಕ್ಕ ತೋಟದ ಕಾಯಿ ಗಡಿ ದಾಟುವಂತಿಲ್ಲ. ತಳಿ ವಾಪಸು ಕೊಡಿ ಎಂದು ಅಕ್ಕನನ್ನು ಕೇಳೋಣವೆಂದರೆ, ಅವಳ ಹತ್ತಿರ ಇರುವುದು ಬೂದಿ.

ಇವತ್ತು ಬೆಳಿಗ್ಗೆ ನಾವು ಮರಗಳಿಗೆ ಔಷಧಿ ಕಲಸುತ್ತಿದ್ದಾಗ ಅವಳ ಫೋನು ಬಂತು. ಹೊಸ ಮಡಿ ಮಾಡಿಸಿದ್ದಾಳೆ. ಮರಳು ಹರವಿ, ಗುಣಿ ತೋಡಿ, ನೆರಳಿಗೆ ಬಲೆ ಕಟ್ಟಿಸಿದ್ದಾಳೆ. ಖಾಲಿ ಗುಣಿಯೊಂದನ್ನು ತೋರಿಸಿ ಕೇಳಿದಳು: "ಕಾಯಿ?"

ನಾನು ಫೋನನ್ನು ನಿಘಂಟುವಿನ ಕಡೆ ಚಾಚಿದೆ. "ನೀನೇ ಹೇಳಪ್ಪಾ."

ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. "ನನ್ನ ಕೈಲಾಗಲ್ಲ ಅತ್ತಿಗೆ. ಇನ್ನೊಂದು ಸಲ ತಪ್ಪಾದರೆ?"

ಮಾವ ಬಕೆಟ್ಟಿನೊಳಗೆ ಕೋಲು ತಿರುಗಿಸುತ್ತಲೇ ಇದ್ದರು. ಮರ ಉಳಿದರೆ, ರೋಗ ಬಿಟ್ಟರೆ, ಇನ್ನಷ್ಟು ವರ್ಷ ತಡೆದುಕೋ ಎಂದು ಅವಳಿಗೆ ಹೇಳಬೇಕಿತ್ತು.

"ಕಾಯಿ, ಅಕ್ಕಾ," ಅಂದೆ. "ಇನ್ನೂ ಸ್ವಲ್ಪ ದಿನ ಕಾಯಿ."

ಅವಳ ಮುಖ ಅರಳಿತು. "ಕಾಯಿ! ಕಾಯಿ!" ಎಂದು ಹಿಂದಿದ್ದವರನ್ನೆಲ್ಲ ಕೂಗಿ ಕರೆದು, ಖಾಲಿ ಗುಣಿಗಳಿಗೆ ನೀರು ಹಾಯಿಸತೊಡಗಿದಳು.